ನಲವತ್ತೊಂದನೆಯ ‘ಸ’

ಪೆರೂಜ್ ತೋತಾರನ್ನು ನಾನು ಮೊದಲ ಸಲ ಭೇಟಿಯಾದದ್ದು ಅವರ ಪ್ರಾಣ ಉಳಿಸುವ ಸಂದರ್ಭದಲ್ಲಿ. ಆ ಪ್ರಾಣಕ್ಕೆ ಏನೂ ಆಗಿರಲಿಲ್ಲ ಎನ್ನುವುದು ಆಮೇಲೆ ಗೊತ್ತಾಯಿತು. ತೋತಾ ಎಂದರೆ ನಮ್ಮೂರಲ್ಲಿ ವಯಸ್ಸಾದ ಹೆಂಗಸರನ್ನು ಕರೆಯುವ ಮಾತು, ಚಿಕ್ಕಮ್ಮ ಎಂದ ಹಾಗೆ.

ನಾನು ಒನಿಕ್, ಗ್ಯಾಸ್ ಕಂಪನಿಯಲ್ಲಿ ಮೀಟರು ಓದುವವನು. ಮನೆಮನೆಗೆ ಹೋಗಿ, ಬಾಗಿ, ಅಂಕಿ ಬರೆದುಕೊಂಡು, ನಾಯಿ ಇದ್ದರೆ ಓಡಿಬರುವುದು ಕೆಲಸ. ಸೇರಿದ ದಿನ ಕೊಟ್ಟ ತರಬೇತಿಯಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಒಂದೇ ಮಾತು: ಗ್ಯಾಸಿಗೆ ತನ್ನದೇ ವಾಸನೆ ಇಲ್ಲ, ಸೋರಿದರೆ ತಿಳಿಯಲಿ ಎಂದು ಬೇರೆ ವಾಸನೆ ಬೆರೆಸುತ್ತಾರೆ, ಅದು ಹೆಚ್ಚುಕಡಿಮೆ ಕೆಟ್ಟ ಬೆಳ್ಳುಳ್ಳಿಯ ಹಾಗೆ. ಹನ್ನೊಂದು ತಿಂಗಳು ನಮ್ಮ ಗ್ಯುಮ್ರಿ ಪಟ್ಟಣದ ಮೆಟ್ಟಿಲುಗಳನ್ನು ಹತ್ತಿಳಿದರೂ ನನ್ನ ಮೂಗಿಗೆ ಒಂದು ಸೋರಿಕೆಯೂ ದಕ್ಕಿರಲಿಲ್ಲ.

ಫೆಬ್ರವರಿಯ ಆ ಮಧ್ಯಾಹ್ನ ದಕ್ಕಿತು. ಮೂರನೆಯ ಮಹಡಿಯ ಬಾಗಿಲು ಅರೆ ತೆರೆದಿತ್ತು, ಒಳಗಿನಿಂದ ಬೆಳ್ಳುಳ್ಳಿ ಘಾಟು ಮುಖಕ್ಕೆ ಹೊಡೆಯಿತು. ಇಣುಕಿದರೆ, ಕಿಟಕಿಯ ಪಕ್ಕದ ಮೇಜಿನ ಮೇಲೆ ಮುದುಕಿಯೊಬ್ಬರು ಕವುಚಿಬಿದ್ದ ಹಾಗಿದ್ದರು. ಬಾಯಿ ಅಗಲವಾಗಿ ತೆರೆದಿತ್ತು. ಎದೆಯಿಂದ ‘ಹಾ... ಹಾ...’ ಎಂದು ಸದ್ದು. ಮುಖ ಬೀಟ್‌ರೂಟಿನ ಬಣ್ಣ.

ತರಬೇತಿ ಪುಸ್ತಕದಲ್ಲಿ ಬರೆದದ್ದನ್ನೆಲ್ಲ ನಾನು ಮಾಡಿದೆ, ಕ್ರಮ ಮಾತ್ರ ತಪ್ಪಿತು. ಮೊದಲು ಇಡೀ ಕಟ್ಟಡದ ಗ್ಯಾಸು ನಿಲ್ಲಿಸಿದೆ. ಆಮೇಲೆ ಕಿಟಕಿಯನ್ನು ದಡಾರನೆ ತೆರೆದೆ. ಆಮೇಲೆ ಅವರ ಎರಡೂ ಕಂಕುಳಿಗೆ ಕೈಹಾಕಿ, ಮನೆಚಪ್ಪಲಿಯಲ್ಲೇ ಮೂರು ಮಹಡಿ ಎಳೆದುಕೊಂಡು ಹೋಗಿ ಹಿಮದ ಮೇಲೆ ನಿಲ್ಲಿಸಿ, “ಉಸಿರಾಡಿ ತೋತಾ, ಉಸಿರಾಡಿ!” ಎಂದು ಕೂಗಿದೆ.

ಎರಡು ನಿಮಿಷ ಅವರು ಕೆಮ್ಮಿದರು. ಕೆಮ್ಮು ನಿಂತಾಗ ಹೇಳಿದ್ದು ಇಷ್ಟು: “ಉಸಿರಾಡ್ತಾನೇ ಇದ್ನಲ್ಲೋ ಕತ್ತೆ. ಅದೇ ನನ್ನ ಕೆಲಸ.”

ಅಷ್ಟರಲ್ಲಿ ಕಟ್ಟಡದವರೆಲ್ಲ ಕೆಳಗಿಳಿದಿದ್ದರು. ಎಂಟು ಮನೆಯ ಒಲೆಗಳ ಮೇಲೆ ಅವರೆಕಾಳು ಅರೆ ಬೆಂದು ನಿಂತಿತ್ತು. ನೆಲಮಹಡಿಯ ಕ್ಷೌರಿಕ ಜಿವಾನ್ ನನ್ನ ಬೆನ್ನು ತಟ್ಟಿ, “ವರ್ಪೆತ್, ಬರೋ ತಿಂಗಳು ನಮ್ಮನೆಗೆ ಬಂದಾಗ ನಾನೇನಾದ್ರೂ ಸೀನಿದ್ರೆ ಸೀದಾ ಹೂತುಬಿಡಬೇಡಪ್ಪ, ಒಂದ್ಸಲ ಕೇಳು” ಎಂದ. ವರ್ಪೆತ್ ಎಂದರೆ ಕುಶಲಕರ್ಮಿ, ಗುರು. ನಮ್ಮೂರಲ್ಲಿ ಅದನ್ನು ನಿಜವಾದ ಗುರುವಿಗೂ ಹೇಳುತ್ತಾರೆ, ನನ್ನಂಥವನಿಗೂ ಹೇಳುತ್ತಾರೆ. ವ್ಯತ್ಯಾಸ ಧ್ವನಿಯಲ್ಲಿರುತ್ತದೆ.

ಮೇಲೆ ಹೋಗಿ ನೋಡಿದಾಗ ನಾನು ಮಾಡಿದ ಅನಾಹುತ ಕಂಡಿತು. ಮೇಜಿನ ಮೇಲಿದ್ದ ಚಿನ್ನದ ರೇಕು ಕಿಟಕಿಯ ಗಾಳಿಗೆ ಹಾರಿ ಜಾಲರಿ ಪರದೆಗೆ ಅಂಟಿಕೊಂಡಿತ್ತು. ಇವತ್ತಿಗೂ ಆ ಪರದೆಯ ಒಂದು ಹೂವು ಚಿನ್ನದ್ದು.

ತೋತಾ ಹಳೆಯ ಕೈಬರಹದ ಪುಸ್ತಕಗಳ ರೀತಿಯಲ್ಲಿ ಅಕ್ಷರ ಚಿತ್ರಿಸಿ ಚಿನ್ನ ಹಚ್ಚುವವರು. ಚಿನ್ನ ಕೂರುವುದು ಬೆಳ್ಳುಳ್ಳಿಯ ಮೇಲೆ. ಎಸಳನ್ನು ಜಜ್ಜಿ, ಬಟ್ಟೆಯಲ್ಲಿ ಹಿಂಡಿ, ಆ ರಸವನ್ನು ಅಕ್ಷರದ ಮೇಲೆ ಸಣ್ಣ ಕುಂಚದಿಂದ ಮೂರು ಸಲ ಬಳಿಯಬೇಕು, ಪ್ರತಿ ಸಲವೂ ಒಣಗಬೇಕು. ಒಣಗಿದ ರಸ ಗಾಜಿನ ಹಾಗೆ. ಅದಕ್ಕೆ ಎದೆಯ ಬಿಸಿಯುಸಿರು ತಾಗಿದರೆ ನಾಲ್ಕು ಎಣಿಸುವಷ್ಟು ಹೊತ್ತು ಅಂಟಾಗುತ್ತದೆ. ಆ ನಾಲ್ಕರೊಳಗೆ ರೇಕು ಇಡಬೇಕು. ಆರುನೂರು ವರ್ಷದ ಹಿಂದಿನ ಸನ್ಯಾಸಿಗಳು ಹೀಗೇ ಮಾಡಿದ್ದರು. ಅವರ ಕಾಲದಲ್ಲಿ ಗ್ಯಾಸ್ ಕಂಪನಿ ಇರಲಿಲ್ಲ.

ಕ್ಷಮೆ ಕೇಳುತ್ತಾ ನಿಂತಿದ್ದ ನನಗೆ ತೋತಾ ಚಹಾ ಕೊಟ್ಟರು, ಅಕ್ರೋಟಿನ ಮುರಬ್ಬ ಕೊಟ್ಟರು. ತಿಂದು ಮುಗಿಸುವವರೆಗೆ ನನ್ನನ್ನು ಒಂದು ಪಾತ್ರೆಯ ಬೆಲೆ ಕಟ್ಟುವವರ ಹಾಗೆ ನೋಡಿದರು.

“ನನ್ನ ಕೈ ಮೇಲೆ ಉಸಿರು ಬಿಡು.”

ನಾನು ಊದಿದೆ.

“ಅದು ಸೂಪು ಆರಿಸೋ ಉಸಿರು. ಕನ್ನಡಿ ಒರೆಸುವಾಗ ಬಿಡ್ತೀಯಲ್ಲ, ಅದು. ಹೊಟ್ಟೆಯಿಂದ.”

“ಹಾ...”

“ಹ್ಞೂಂ. ಬೆಚ್ಚಗಿದೆ. ಸಿಗರೇಟು ಸೇದ್ತೀಯಾ?”

“ಇಲ್ಲ ತೋತಾ.”

“ಹುಡುಗಿ ಇದಾಳಾ?”

“ಇಲ್ಲ.”

“ಇರಲ್ಲ ಬಿಡು. ಹಾಗಾದ್ರೆ ಸಂಜೆ ಆರು ಗಂಟೆಗೆ ಬಾ. ನನ್ನ ಚಿನ್ನ ಹಾರಿಸಿದೀಯ, ನಿನ್ನ ಉಸಿರಿಂದ ತೀರಿಸು.”

ಅವರ ಉಸಿರು ತೀರುತ್ತಾ ಬಂದಿತ್ತು. ಇಪ್ಪತ್ತಾರು ವರ್ಷ ಕಾಲುಚೀಲದ ಕಾರ್ಖಾನೆಯಲ್ಲಿ ದುಡಿದಿದ್ದರು, ನೂಲಿನ ಧೂಳು ಎದೆಯೊಳಗೆ ಕೂತಿತ್ತು. ಒಂದು ಬಿಸಿಯುಸಿರು ಬರುತ್ತಿತ್ತು, ಎರಡನೆಯದರ ಬದಲು ಕೆಮ್ಮು ಬರುತ್ತಿತ್ತು. ಕೆಮ್ಮಿದರೆ ರೇಕು ಚೂರಾಗಿ ಹಾರುತ್ತಿತ್ತು. ನಾನು ಎಳೆದೊಯ್ದ ದಿನ ಅವರು ನಾಲ್ಕನೆಯ ಪ್ರಯತ್ನದಲ್ಲಿದ್ದರು.

ಹೀಗೆ ನಾನು ಶಿಷ್ಯನಾದೆ. ಹಗಲು ಮೀಟರು, ಸಂಜೆ ಹಕ್ಕಿ. ನಮ್ಮ ಆರ್ಮೇನಿಯನ್ ಲಿಪಿಯನ್ನು ಹಳೆಯ ಪುಸ್ತಕಗಳಲ್ಲಿ ಹಕ್ಕಿಗಳಿಂದಲೇ ಕಟ್ಟುತ್ತಿದ್ದರು. ಒಂದು ಹಕ್ಕಿಯ ಕತ್ತು ಬಾಗಿದರೆ ಒಂದು ಅಕ್ಷರ, ಎರಡು ಹಕ್ಕಿ ಕೊಕ್ಕು ಕಚ್ಚಿಕೊಂಡರೆ ಇನ್ನೊಂದು. ಮೊದಲ ಎರಡು ವಾರ ತೋತಾ ನನಗೆ ಬಣ್ಣ ಮುಟ್ಟಲು ಬಿಡಲಿಲ್ಲ. ಬರೀ ಕತ್ತು. ಪೆನ್ಸಿಲು ಹಿಡಿದು ಕೊಕ್ಕರೆಯ ಕತ್ತು, ಸಾವಿರ ಕತ್ತು.

“ಇದೇನೋ ಇದು?”

“ಕೊಕ್ಕರೆ, ತೋತಾ.”

“ಗ್ಯಾಸ್ ಪೈಪಿನ ಥರ ಇದೆ. ಮೀಟರ್ ಹಾಕೋದೊಂದು ಬಾಕಿ.”

ಬಣ್ಣ ಸಿಕ್ಕಿದ ಮೇಲೂ ಹೀಗೇ. ಹುಳದಿಂದ ತೆಗೆದ ಕೆಂಪನ್ನು ಜರ್ದಾಲು ಮರದ ಅಂಟಿನಲ್ಲಿ ಅರೆಯುವಾಗ ನಾನು ಅಂಟು ಹೆಚ್ಚು ಹಾಕಿದೆ. ಮಾರನೆಯ ದಿನ ನನ್ನ ಹಕ್ಕಿಯ ರೆಕ್ಕೆ ಬಿರುಕುಬಿಟ್ಟ ಹಳೇ ಕೆರೆಯ ಹಾಗಾಗಿತ್ತು. ಅವರು ಅದನ್ನು ಎಸೆಯಲಿಲ್ಲ, ಗೋಡೆಗೆ ಹಚ್ಚಿದರು, ಜಿವಾನನನ್ನು ಕರೆದು ತೋರಿಸಿದರು. ಜಿವಾನ್ ತುಂಬ ಹೊತ್ತು ನೋಡಿ, “ಪಾಪ, ಚರ್ಮರೋಗ” ಎಂದ.

ತೋತಾ ಕಲಿತದ್ದೂ ಕೆಲಸದ ಮಧ್ಯೆಯೇ. ಹದಿನೇಳನೆಯ ವಯಸ್ಸಿಗೆ ಹಳ್ಳಿಯಿಂದ ಕಾರ್ಖಾನೆಗೆ ಬಂದವರು, ಭಾನುವಾರಗಳಲ್ಲಿ ಮನಾಸ್ ವರ್ಪೆತ್ ಎಂಬ ಪುಸ್ತಕ ಕಟ್ಟುವ ಮುದುಕನ ಮನೆಗೆ ಹೋಗುತ್ತಿದ್ದರು. ಹೆಣ್ಣುಮಕ್ಕಳಿಗೆ ಕಲಿಸಲ್ಲ ಎಂದ ಮುದುಕನ ಮನೆಯ ನೆಲ ಒರೆಸಿ, ಅವನ ಬೆಳ್ಳುಳ್ಳಿ ಸುಲಿದು, ಒಂದು ವರ್ಷ ಹಾಗೇ ಬಾಗಿಲ ಬಳಿ ಕೂತಿದ್ದರಂತೆ. ಕೊನೆಗೆ ಅವನೇ ಸೋತು, ಯಾವ ಅಕ್ಷರ ಬೇಕು ನಿನಗೆ ಎಂದು ಕೇಳಿದ. ‘ಸ’ ಅಂದರಂತೆ ಇವರು. ಒಂದು ಅಕ್ಷರ ಕಲಿಯೋಕೆ ಎಲ್ಲ ಅಕ್ಷರ ಕಲೀಬೇಕು ಎಂದು ಅವನು ಹತ್ತು ವರ್ಷ ಹಿಡಿದಿಟ್ಟುಕೊಂಡ.

ಈಗ ಜನ ಮಗುವಿನ ಜ್ಞಾನಸ್ನಾನಕ್ಕೆ, ಮದುವೆಗೆ, ಹೆಸರಿನ ಮೊದಲ ಅಕ್ಷರ ಬರೆಸಿಕೊಂಡು ಹೋಗುತ್ತಾರೆ. ತೋತಾ ಎಲ್ಲ ಅಕ್ಷರವನ್ನೂ ಬರೆದುಕೊಡುತ್ತಿದ್ದರು, ‘ಸ’ ಒಂದನ್ನು ಬಿಟ್ಟು. ಸೋನಾ ಬಂದರೂ ಇಲ್ಲ, ಸುರೇನ್ ಬಂದರೂ ಇಲ್ಲ. “ಆ ಅಕ್ಷರಕ್ಕೆ ಬೇರೆಯವರು ಹೇಳಿಟ್ಟಿದಾರೆ” ಎಂದು ಕಳಿಸುತ್ತಿದ್ದರು.

ಮಾರ್ಚಿನ ಮೊದಲ ವಾರ, ಹಲಗೆ ತೆಗೆಯಲು ಮಂಚದ ಕೆಳಗೆ ಬಗ್ಗಿದವನಿಗೆ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ನೋಡಬಾರದಿತ್ತು, ನೋಡಿದೆ. ಒಳಗೆ ಬರೀ ‘ಸ’. ನಮ್ಮ ‘ಸ’ ಎಂದರೆ ತಳ ದುಂಡಗಿರುವ, ಬಾಯಿ ತೆರೆದ ಲೋಟದ ಹಾಗೆ. ಪ್ರತಿಯೊಂದರಲ್ಲೂ ಅವೇ ಎರಡು ಹಕ್ಕಿ: ಕೆಳಗೆ ಬಾಲಕ್ಕೆ ಬಾಲ ಸೇರಿದೆ, ಮೇಲೆ ಒಂದರ ಮುಖವನ್ನು ಇನ್ನೊಂದು ನೋಡುತ್ತಿದೆ. ಎಲ್ಲವೂ ಒಂದೇ ಅಳತೆ.

“ಇಪ್ಪತ್ತೇಳಿವೆ” ಎಂದರು ತೋತಾ ಹಿಂದಿನಿಂದ. “ಮೊದಲಿನ ಹದಿಮೂರು ಭೂಕಂಪದಲ್ಲಿ ಮಣ್ಣಾದ್ವು. ಈಗ ಮಾಡ್ತಿರೋದು ನಲವತ್ತೊಂದನೇದು.”

“ಇಷ್ಟೊಂದು ಯಾರಿಗೆ ತೋತಾ?”

“ಒಂದು ಪುಸ್ತಕದಲ್ಲಿ ತೂತಿದೆ. ಅದನ್ನ ಮುಚ್ಚೋಕೆ.”

ಪುಸ್ತಕ ಅವರ ತಂದೆಯ ಮನೆಯದು. ಈಗ ತುರ್ಕಿಯಲ್ಲಿರುವ ಅಲಾಶ್ಕೆರ್ತಿನಿಂದ ಎಲ್ಲ ಬಿಟ್ಟು ಓಡಿಬರುವಾಗ ಅವರ ಮುತ್ತಜ್ಜಿ ಹಿಟ್ಟು ಬಿಟ್ಟು ತಂದ ಕೈಬರಹದ ಸುವಾರ್ತೆ, ಯೇಸುವಿನ ಕತೆಯ ಪುಸ್ತಕ. ನಮ್ಮ ಕಡೆ ಇಂಥ ಪುಸ್ತಕ ಮನೆಯ ದೇವರಿದ್ದ ಹಾಗೆ. ಗೋಡೆಯ ಗೂಡಿನಲ್ಲಿ ಏಳು ವಸ್ತ್ರ ಸುತ್ತಿ ಇಟ್ಟಿರುತ್ತಾರೆ, ಜ್ವರ ಬಂದವರು, ಮಕ್ಕಳಾಗದವರು ಬಂದು ಮೇಣದಬತ್ತಿ ಹಚ್ಚಿ ಮುತ್ತಿಟ್ಟು ಹೋಗುತ್ತಾರೆ. ಓದುವವರು ಯಾರೂ ಇಲ್ಲ. ಮನೆಯಲ್ಲಿ ಆ ಹಳೇ ಭಾಷೆ ಯಾರಿಗೂ ಬರುತ್ತಿರಲಿಲ್ಲ. ಶಾಲೆಗೆ ಹೋಗುತ್ತಿದ್ದ ಪೆರೂಜ್ ಎಂಬ ಹುಡುಗಿ ಮಾತ್ರ ಒಂದು ದಿನ ಮಾರ್ಕನ ಸುವಾರ್ತೆಯ ಮೊದಲ ಪುಟದಲ್ಲಿ ದೊಡ್ಡ ‘ಸ’ ಗುರುತಿಸಿ, ಮೂರು ವರ್ಷ ಚಿಕ್ಕವಳಾದ ತಂಗಿ ಸಲ್ಬಿಗೆ, “ನೋಡೇ, ಇದು ನಿಂದು” ಎಂದಳು.

ಸಲ್ಬಿ ನಂಬಿಬಿಟ್ಟಳು. ಪುಸ್ತಕ ಮನೆಯದು, ಹಕ್ಕಿ ತನ್ನದು. ಭಾನುವಾರ ಅಜ್ಜಿ ವಸ್ತ್ರ ಬಿಚ್ಚಿದಾಗೆಲ್ಲ ಓಡಿಬಂದು, ತನ್ನ ಹಕ್ಕಿಗಳು ಇದ್ದಾವೋ ಹಾರಿಹೋದವೋ ಎಂದು ನೋಡಿಕೊಂಡು ಹೋಗುತ್ತಿದ್ದಳು.

ಆರನೆಯ ವಯಸ್ಸಿಗೆ, ಅರವತ್ತು ವರ್ಷದ ಹಿಂದಿನ ಒಂದು ಫೆಬ್ರವರಿಯಲ್ಲಿ, ಗಂಟಲುಬೇನೆಯಿಂದ ಸಲ್ಬಿ ತೀರಿಕೊಂಡಳು.

“ಮುಂದಿನ ಕೋಣೇಲಿ ಮಲಗಿಸಿದ್ರು” ಎಂದರು ತೋತಾ. ಕೈ ಬೆಳ್ಳುಳ್ಳಿ ಸುಲಿಯುತ್ತಿತ್ತು. “ಹೆಂಗಸರೆಲ್ಲ ಅಳ್ತಿದ್ರು. ನನಗೊಂದೇ ಯೋಚನೆ. ಅವಳಿಗೆ ಓದೋಕೆ ಬರಲ್ಲ, ಹೆಸರು ಬರೆಯೋಕೆ ಬರಲ್ಲ, ನಾಚಿಕೆ ಬೇರೆ. ಅಲ್ಲಿ ಯಾರಾದ್ರೂ ನೀನ್ಯಾರು ಅಂತ ಕೇಳಿದ್ರೆ? ಅಮ್ಮನ ಹೊಲಿಗೆ ಕತ್ತರಿ ತಗೊಂಡೆ. ಗೂಡಿನ ಹತ್ರ ಹೋದೆ. ಕತ್ತರಿಸಿ ಅವಳ ಮುಷ್ಟಿಯೊಳಗೆ ಇಟ್ಟೆ. ಮುಷ್ಟಿ ಬಿಡಿಸೋಕೆ ಕಷ್ಟ ಆಯ್ತು.” ಇನ್ನೊಂದು ಎಸಳು ಎತ್ತಿಕೊಂಡು, “ಒಂಬತ್ತು ವರ್ಷ ನನಗೆ” ಎಂದರು, ಯಾರೋ ಕೇಳಿದ ಹಾಗೆ.

ಸಾವಿನ ಮನೆಯೆಂದು ಅಲ್ಲಿಯವರೆಗೆ ಮುಟ್ಟದೆ ಇಟ್ಟಿದ್ದ ಪುಸ್ತಕವನ್ನು ನಲವತ್ತನೆಯ ದಿನದ ಪ್ರಾರ್ಥನೆಗೆ ಅಜ್ಜಿ ಬಿಚ್ಚಿದಳು. ಹಕ್ಕಿ ಇದ್ದಲ್ಲಿ ತೂತು. ಗೂಡಿನೊಳಗೆ ಸೊಸೆಯ ಕತ್ತರಿ. ಹಿಂದಿನ ವಾರವಷ್ಟೇ ಹಳೇ ಸಾಮಾನು ಕೊಳ್ಳುವವನೊಬ್ಬ ಪಟ್ಟಣದಿಂದ ಬಂದು ಹಳ್ಳಿ ಸುತ್ತಿಹೋಗಿದ್ದ.

ಇಲ್ಲಿ ತೋತಾರ ತಾಯಿ ನಾಜೆಲಿಯ ಬಗ್ಗೆ ಹೇಳಬೇಕು. ಆ ಕಾಲದ ಹಳ್ಳಿಗಳಲ್ಲಿ ಸೊಸೆಯಾದವಳು ಗಂಡನ ತಂದೆತಾಯಿಯ ಮುಂದೆ ದನಿ ತೆಗೆಯುವ ಹಾಗಿರಲಿಲ್ಲ. ಬಾಯಿಗೆ ಅಡ್ಡ ವಸ್ತ್ರ, ಬೇಕಾದ್ದಕ್ಕೆ ಕೈಸನ್ನೆ. ಸನ್ನೆಗೆ ಸಿಗದ ಮಾತಿದ್ದರೆ ಮಗುವಿನ ಕಿವಿಯಲ್ಲಿ ಉಸುರಬೇಕು, ಮಗು ಅದನ್ನು ಜೋರಾಗಿ ಹೇಳಬೇಕು. ಅಜ್ಜಿ ಮನಸ್ಸು ಮಾಡಿ, ಒಂದು ಉಡುಗೊರೆ ಕೊಟ್ಟು, ಇನ್ನು ಮಾತಾಡು ಎನ್ನುವವರೆಗೆ ಹಾಗೆ. ನಾಜೆಲಿ ಹತ್ತು ವರ್ಷ ಹಾಗಿದ್ದಳು. ಮನೆಯಲ್ಲಿ ಅವಳ ಬಾಯಿ ಎಂದರೆ ಪೆರೂಜ್. ಆ ಈಸ್ಟರಿಗೆ ಬಿಡುಗಡೆ ಎಂದು ಅಜ್ಜಿ ತಾನೇ ಹೇಳಿದ್ದಳು, ನೀಲಿ ಬಟ್ಟೆ ಕೂಡ ತಂದಿಟ್ಟಿದ್ದಳು. ಈಸ್ಟರಿಗೆ ಇನ್ನೊಂದು ವಾರ ಇತ್ತು.

“ಅಜ್ಜಿ ಅಮ್ಮನ್ನ ಎಲ್ಲರ ಮುಂದೆ ನಿಲ್ಲಿಸಿದ್ಲು. ‘ಕೇಳೇ ನಿಮ್ಮಮ್ಮನ್ನ, ಇದೇನು ಅಂತ’ ಅಂದ್ಲು ನನಗೆ. ಅಮ್ಮ ಬಗ್ಗಿ ಕಿವೀಲಿ ಹೇಳಿದ್ಲು. ನಾನು ಅಜ್ಜಿಗೆ ಹೇಳಿದೆ. ಅಮ್ಮ ನನ್ನನ್ನೇ ನೋಡಿದ್ಲು. ಆಮೇಲೆ ನೆಲ ನೋಡಿದ್ಲು.”

“ಆಮೇಲೆ?”

“ಆಮೇಲೆ ಇಲ್ಲ. ನೀಲಿ ಬಟ್ಟೆ ನಮ್ಮ ಚಿಕ್ಕಪ್ಪನ ಹೆಂಡತಿಗೆ ಹೋಯ್ತು. ಅಮ್ಮ ಪುಸ್ತಕ ಮುಟ್ಟೋ ಹಾಗಿಲ್ಲ, ಅದಕ್ಕೆ ದೀಪ ಹಚ್ಚೋ ಹಾಗಿಲ್ಲ. ಮಾತು ಅಂತೂ ಇಲ್ಲವೇ ಇಲ್ಲ. ಇನ್ನೂ ಹತ್ತೊಂಬತ್ತು ವರ್ಷ. ಅಜ್ಜಿ ಸಾಯೋ ದಿನ ಅಮ್ಮನೇ ಅವಳ ಕಾಲು ತೊಳೀತಿದ್ಲು. ಅಜ್ಜಿ, ‘ಮಾತಾಡು ನಾಜೆಲಿ, ಬಿಟ್ಟಿದೀನಿ’ ಅಂದ್ಲು. ಅಮ್ಮ ತಲೆ ಅಲ್ಲಾಡಿಸಿದ್ಲು. ಮಾತಾಡಲಿಲ್ಲ. ಅಭ್ಯಾಸ ತಪ್ಪಿಹೋಗಿತ್ತೋ, ಏನೋ.”

ಅದಾದ ಮೇಲೆ ತಾಯಿ ಎಂಟು ವರ್ಷ ಬದುಕಿದ್ದರು. ನನ್ನ ಬಾಯಿಗೆ ಬೀಗ ಇಲ್ಲ. “ಅಷ್ಟರಲ್ಲಿ ನಿಮಗೆ ಅಕ್ಷರ ಮಾಡೋಕೆ ಬರ್ತಿತ್ತಲ್ಲ ತೋತಾ, ಆಗಲೇ ಯಾಕೆ...” ಎಂದೆ.

“ಪ್ರತಿ ಸಲ ಮಾಡಿದಾಗಲೂ ಏನೋ ಒಂದು ಕಮ್ಮಿ ಅನ್ನಿಸ್ತಿತ್ತು. ಕಣ್ಣು ಸರಿ ಇಲ್ಲ, ಬಾಲದ ತಿರುವು ಸರಿ ಇಲ್ಲ. ಇನ್ನೊಂದು ಸಲ ಮಾಡೋಣ, ಚೆನ್ನಾಗಿ ಬಂದಮೇಲೆ ತಗೊಂಡು ಹೋಗಿ ಅಮ್ಮನ ಕೈಗೆ ಕೊಟ್ಟು ಹೇಳೋಣ ಅಂತ.” ಸುಲಿದ ಎಸಳುಗಳನ್ನು ಅವರು ಬಟ್ಟೆಗೆ ಸುರಿದರು. “ಎಲ್ಲ ಚೆನ್ನಾಗೇ ಇದ್ವು ಕಣೋ. ಮೂರನೇದೇ ಚೆನ್ನಾಗಿತ್ತು. ಕೊಟ್ಟರೆ ಹೇಳಬೇಕಾಗ್ತಿತ್ತು, ಅಷ್ಟೇ.”

ಈಗ ಗಡುವು ಬಂದಿತ್ತು. ಹಳ್ಳಿಯ ಮನೆಯಲ್ಲಿ ಇರುವವನು ಅವರ ತಮ್ಮನ ಮಗ ಅಂದೊ. ಗೂಡಿಗೆ ತೇವ, ಪುಸ್ತಕದ ಬೆನ್ನನ್ನು ಇಲಿ ಕಡಿಯಲು ಹತ್ತಿದ್ದವು. ರಾಜಧಾನಿಯ ಹಸ್ತಪ್ರತಿ ಭಂಡಾರಕ್ಕೆ ಕೊಟ್ಟುಬಿಡುತ್ತೇನೆ ಎಂದು ಅವನು ತೀರ್ಮಾನಿಸಿದ್ದ. ಈಸ್ಟರಿನ ಮರುದಿನ, ಎಲ್ಲರೂ ಸಮಾಧಿಗಳಿಗೆ ಹೋಗಿಬರುವ ದಿನ, ಭಂಡಾರದವರು ಬಂದು ಒಯ್ಯುತ್ತಾರೆ. ಒಯ್ದ ಮೇಲೆ ಗಾಜಿನ ಹಿಂದೆ. “ಅಂದೊ ಬಂದವರಿಗೆಲ್ಲ ಈಗಲೂ ಕತೆ ಹೇಳ್ತಾನೆ, ನಮ್ಮಜ್ಜಿ ನಾಜೆಲಿ ಕತ್ತರಿಸಿ ಮಾರಿದ್ಲು ಅಂತ. ಪುಸ್ತಕದ ಜೊತೆ ಆ ಕತೇನೂ ಹೋಗುತ್ತೆ. ಅದಕ್ಕೆ ಮುಂಚೆ ತೂತು ಮುಚ್ಚಬೇಕು, ಎಲ್ಲರ ಮುಂದೆ ಹೇಳಬೇಕು. ನನಗೆ ಇನ್ನು ಉಸಿರು ಇಲ್ಲ. ನಿನ್ನದಿದೆ.”

ಆಮೇಲಿನ ಮೂರು ವಾರ ನನ್ನ ಜೀವನದಲ್ಲಿ ನಾನು ಯಾವ ಕೆಲಸವನ್ನೂ ಮಾಡದಷ್ಟು ಶ್ರದ್ಧೆಯಿಂದ ಉಸಿರು ಬಿಟ್ಟೆ. ಹಕ್ಕಿಯ ಗೆರೆ, ಬಣ್ಣ ತೋತಾರದು. ಉಸಿರು ನನ್ನದು. ಮೊದಲ ರೇಕು ಮುದುರಿತು. ಎರಡನೆಯದು ನನ್ನ ಹುಬ್ಬಿಗೆ ಅಂಟಿತು. ನಾಲ್ಕು ಎಣಿಸುವಷ್ಟರಲ್ಲಿ ಮುಗಿಯಬೇಕಾದದ್ದಕ್ಕೆ ನಾನು ಏಳರವರೆಗೆ ಹೋಗುತ್ತಿದ್ದೆ. ಕಂಪನಿಯಲ್ಲಿ ಎಲ್ಲರೂ ನನ್ನಿಂದ ದೂರ ಕೂರುತ್ತಿದ್ದರು. ನನ್ನ ಅಂಗಿ, ಚೀಲ, ರಸೀದಿ ಪುಸ್ತಕ, ಎಲ್ಲ ಬೆಳ್ಳುಳ್ಳಿ. ಒಂದು ಮನೆಯ ಯಜಮಾನಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ಎಲ್ಲೋ ಗ್ಯಾಸು ಸೋರುತ್ತಿದೆ ಎಂದು ನಮ್ಮ ಕಂಪನಿಗೇ ಫೋನು ಮಾಡಿದರು.

ಈಸ್ಟರಿಗೆ ನಾಲ್ಕು ದಿನ ಇದ್ದಾಗ ಕೂತಿತು. ನಾನು ಬಿಟ್ಟ ಉಸಿರು ಬಾಗಿದ ಎರಡು ಕತ್ತಿನ ಮೇಲೆ ಮಂಜಿನ ಹಾಗೆ ಹರಡಿತು. ತೋತಾರ ಕೈ ಒಂದು, ಎರಡು, ಮೂರು ಎನ್ನುವಷ್ಟರಲ್ಲಿ ರೇಕು ಇಳಿಸಿತು. ಮೇಲೆ ಕಾಗದ ಇಟ್ಟು ಒತ್ತಿ, ಅಗೇಟು ಕಲ್ಲಿನಿಂದ ಉಜ್ಜಿದರು. ಕಾಗದ ತೆಗೆದಾಗ ಹಕ್ಕಿಗಳು ಹೊತ್ತಿಕೊಂಡಂತೆ ಕಂಡವು. ನಾನು ಹೋ ಎಂದೆ. ಅವರು ಅತಿ ಸಣ್ಣ ಕುಂಚ ತೆಗೆದುಕೊಂಡು ಎರಡು ಕಣ್ಣು ಇಟ್ಟರು, ಒಂದೊಂದಕ್ಕೆ ಒಂದೊಂದು ಚುಕ್ಕೆ. ಆಮೇಲೆ ಕುಂಚ ತೊಳೆಯಲು ಎದ್ದವರು ಅಡುಗೆಮನೆಯಿಂದ ತುಂಬ ಹೊತ್ತು ಬರಲಿಲ್ಲ. ನಲ್ಲಿ ಮಾತ್ರ ಹರಿಯುತ್ತಿತ್ತು.

ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಹೊರಟೆವು. ಹಿಮ ಕರಗಿ ದಾರಿಯೆಲ್ಲ ಕೆಸರು. ತೋತಾ ಅಕ್ಷರವನ್ನು ಎರಡು ಗಾಜಿನ ನಡುವೆ ಇಟ್ಟು, ಕರವಸ್ತ್ರದಲ್ಲಿ ಸುತ್ತಿ, ಕೋಟಿನೊಳಗೆ ಎದೆಗೆ ಒತ್ತಿ ಹಿಡಿದಿದ್ದರು. ಮೊದಲು ಸಮಾಧಿ. ಕೆಂಪು ಕಲ್ಲಿನ ಮೂರು ಗೋರಿ ಒಂದೇ ಸಾಲಿನಲ್ಲಿ: ಚಿಕ್ಕದು ಸಲ್ಬಿಯದು, ಪಕ್ಕದಲ್ಲಿ ಅಜ್ಜಿ, ಅಜ್ಜಿಯ ಪಕ್ಕದಲ್ಲಿ ನಾಜೆಲಿ. ಅತ್ತೆಸೊಸೆ ಅಲ್ಲೂ ಅಕ್ಕಪಕ್ಕ. ತೋತಾ ಮೂರಕ್ಕೂ ಧೂಪ ಹಾಕಿದರು, ಈಸ್ಟರಿನ ಕೆಂಪು ಮೊಟ್ಟೆ ಇಟ್ಟರು. ತಾಯಿಯ ಕಲ್ಲಿನ ಮುಂದೆ ಅವರ ತುಟಿ ಅಲ್ಲಾಡಿತು. ನನಗೆ ಕೇಳಿಸಲಿಲ್ಲ.

ಮನೆ ತುಂಬ ಜನ. ಪುಸ್ತಕಕ್ಕೆ ಕೊನೆಯ ಮುತ್ತಿಡಲು ಇಡೀ ಹಳ್ಳಿ ಬಂದಿತ್ತು. ಮೇಜಿನ ಮೇಲೆ ದ್ರಾಕ್ಷಿ ಹಾಕಿದ ಅನ್ನ, ಮೀನು. ಇನ್ನೊಂದು ಮೇಜಿನ ಮುಂದೆ ಭಂಡಾರದಿಂದ ಬಂದ ಹೆಂಗಸು, ಬಿಳಿ ಕೈಗವಸು ಹಾಕಿಕೊಂಡು ಹಾಳೆ ತಿರುವುತ್ತಿದ್ದಳು. ಪಕ್ಕದಲ್ಲಿ ದಾಖಲೆಯ ಪುಸ್ತಕ.

ಮಾರ್ಕನ ಪುಟ ಬಂತು. ತೂತಿನಲ್ಲಿ ಹಿಂದಿನ ಹಾಳೆಯ ಯಾವುದೋ ಅರ್ಧ ಪದ ಕಾಣುತ್ತಿತ್ತು. “ಇದು ಯಾವಾಗ ಆದದ್ದು?” ಎಂದಳು ಆಕೆ.

ಅಂದೊ ಕಾಯುತ್ತಿದ್ದವನಂತೆ ಶುರುಮಾಡಿದ. “ಅದೊಂದು ಕತೆ ಮೇಡಂ. ನಮ್ಮಜ್ಜಿ ನಾಜೆಲಿ, ತೀರಿಕೊಂಡಿದಾರೆ ಪಾಪ, ಕಷ್ಟಕಾಲ, ಮಗು ಸತ್ತ ದುಃಖ, ಕತ್ತರಿಸಿ ಮಾರಿಬಿಟ್ರಂತೆ...” ಆಕೆ ಬರೆದುಕೊಳ್ಳತೊಡಗಿದಳು.

“ಹೊಡೆದುಹಾಕು ಅದನ್ನ” ಎಂದರು ಪೆರೂಜ್ ತೋತಾ. “ಕತ್ತರಿಸಿದ್ದು ನಾನು. ಮಾರಿಲ್ಲ. ಸಲ್ಬಿ ಕೈಲಿದೆ.”

ಅಂದೊ ಅನ್ನದ ತಟ್ಟೆ ಹಿಡಿದೇ ನಿಂತಿದ್ದ. “ಅತ್ತೆ, ಏನು ಹೇಳ್ತಿದೀರಿ? ಅರವತ್ತು ವರ್ಷ... ನಾಜೆಲಿ ಅಜ್ಜಿ ಕೊನೇವರೆಗೂ ಗೂಡಿನ ಕಡೆ ಬೆನ್ನು ಹಾಕಿ ಕೂರ್ತಿದ್ರು. ನಾವು ಮಕ್ಕಳೆಲ್ಲ ಕಳ್ಳಿ ಅಂತ ನಗ್ತಿದ್ವಿ. ಊರಿಗೆ ಬಂದಾಗೆಲ್ಲ ನೀವೂ ಇಲ್ಲೇ ಇರ್ತಿದ್ರಿ, ಆಗ!”

“ಇದ್ದೆ” ಎಂದರು ತೋತಾ.

ಆಮೇಲೆ ಕರವಸ್ತ್ರ ಬಿಚ್ಚಿದರು. ಭಂಡಾರದ ಹೆಂಗಸು ಗಾಜು ಸರಿಸಿ ನೋಡಿ, ಒಂದು ಕ್ಷಣ ಕೆಲಸ ಮರೆತಳು. “ಯಾರು ಮಾಡಿದ್ದು? ಬೆಳ್ಳುಳ್ಳಿ ರಸದ ಮೇಲೆಯೇ ಕೂರಿಸಿದೀರಾ?” ಎಂದಳು. ನಾನು ಎದೆಯುಬ್ಬಿಸಿದೆ. ಯಾರೂ ನನ್ನ ಕಡೆ ನೋಡಲಿಲ್ಲ. ಆಕೆ ಚಿಮಟದಿಂದ ಅಕ್ಷರವನ್ನೆತ್ತಿ ತೂತಿನ ಮೇಲೆ ಇಟ್ಟಳು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತಿತು. ಹಿಂದಿನ ಅರ್ಧ ಪದ ಮರೆಯಾಯಿತು. ಒಬ್ಬ ಮುದುಕಿ ಶಿಲುಬೆಯ ಗುರುತು ಮಾಡಿಕೊಂಡಳು.

ಆಮೇಲೆ ಆಕೆ ಅದನ್ನು ಅದೇ ಚಿಮಟದಿಂದ ಎತ್ತಿ ತೋತಾರ ಅಂಗೈಯಲ್ಲಿ ಇಟ್ಟಳು. “ಕ್ಷಮಿಸಿ ತೋತಾ. ಹೊಸದೇನನ್ನೂ ಸೇರಿಸ್ಕೊಳ್ಳೋಕೆ ನಮಗೆ ಅನುಮತಿ ಇಲ್ಲ. ಹೇಗಿದೆಯೋ ಹಾಗೇ ಇಡಬೇಕು. ಈ ತೂತೂ ಈಗ ಪುಸ್ತಕದ್ದೇ.”

ನಾನು ಜಗಳಕ್ಕೆ ಹೋದೆ. ನಲವತ್ತು ವರ್ಷ ಎಂದೆ, ಉಸಿರು ಎಂದೆ, ಕಾನೂನು ಯಾರು ಮಾಡಿದ್ದು ಎಂದೆ. ತೋತಾ ನನ್ನ ತೋಳು ಹಿಡಿದರು. “ಬಿಡೋ ಒನಿಕ್. ಅವಳು ಹೇಳ್ತಿರೋದು ಸರಿ.” ಆಕೆ ದಾಖಲೆಯಲ್ಲಿ ಒಂದು ಸಾಲು ಹೊಡೆದುಹಾಕಿ ಇನ್ನೊಂದು ಬರೆದಳು. ಪುಸ್ತಕ ಏಳು ವಸ್ತ್ರದೊಳಗೆ ಹೋಯಿತು, ವಸ್ತ್ರ ಪೆಟ್ಟಿಗೆಯೊಳಗೆ, ಪೆಟ್ಟಿಗೆ ಕಾರಿನೊಳಗೆ. ನಮ್ಮನ್ನು ಊಟಕ್ಕೆ ಏಳಿ ಎಂದು ಯಾರೂ ಕರೆಯಲಿಲ್ಲ.

ಬಸ್ಸು ಬರುವುದು ತಡವಿತ್ತು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆವು. ತೋತಾ ಅಕ್ಷರವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು, ಗಾಜಿಲ್ಲದೆ, ಹಾಗೇ. ಅವರ ಎದೆ ಗೊರಗುಟ್ಟುತ್ತಿತ್ತು.

“ಅಂಟಿಸದಿದ್ರೇನು ತೋತಾ, ಹೇಳಬೇಕಾದ್ದು ಹೇಳಿದ್ರಲ್ಲ” ಎಂದೆ. “ನಿಮ್ಮಮ್ಮನ ಹೆಸರು ಚೊಕ್ಕಟ ಆಯ್ತು. ಮುಗೀತು.”

ಅವರು ಹಕ್ಕಿಯ ಕತ್ತಿನ ಮೇಲೆ ಬೆರಳಾಡಿಸುತ್ತಿದ್ದರು. ಹೊಸ ಚಿನ್ನವನ್ನು ಬೆರಳಿಂದ ಮುಟ್ಟಬಾರದು ಎಂದು ನನಗೆ ನೂರು ಸಲ ಬೈದವರು.

ಸುಮ್ಮನಿರಬೇಕಿತ್ತು. ಆದರೆ ಹೋದ ತಿಂಗಳ ಅಂಕಿಗೂ ಈ ತಿಂಗಳ ಅಂಕಿಗೂ ತಾಳೆಯಾಗದಿದ್ದರೆ ಕೇಳಿಯೇ ಬಿಡುವ ಕೆಟ್ಟ ಅಭ್ಯಾಸ ನನ್ನ ಕೆಲಸದ್ದು. ಬೆಳಗಿನಿಂದ ಒಂದು ತಾಳೆಯಾಗಿರಲಿಲ್ಲ. ನೀಲಿ ಬಟ್ಟೆ ತಂದಿಟ್ಟಿದ್ದ ಅಜ್ಜಿ. ಸೊಸೆಯನ್ನು ಮಾತಿಗೆ ಬಿಡಲು ಒಂದು ವಾರ ಎಣಿಸುತ್ತಿದ್ದ ಅಜ್ಜಿ. ಕೇಳದೆ ತೀರ್ಪು ಕೊಟ್ಟವಳಲ್ಲ, ಕೇಳಿದ್ದಳು. ಒಂದು ಕತ್ತರಿ ನೋಡಿ ಅಷ್ಟು ವರ್ಷದ ಶಿಕ್ಷೆಯೇ?

“ತೋತಾ, ಅವತ್ತು ನಿಮ್ಮಮ್ಮ ನಿಮ್ಮ ಕಿವೀಲಿ ಏನು ಹೇಳಿದ್ರು?”

“‘ನಾನಲ್ಲ, ದೇವರಾಣೆ ನಾನಲ್ಲ’ ಅಂತ.”

“ನೀವು ಅಜ್ಜಿಗೆ ಏನು ಹೇಳಿದ್ರಿ?”

“ಅಮ್ಮನೇ ತೆಗೆದಳಂತೆ, ಅಂದೆ.”